ಎರಡು ಕಾರ್ಡಿನ ಕ್ಯಾಮೆರಾ

ಹೊಳೆನರಸೀಪುರದ ನನ್ನ ಸ್ಟುಡಿಯೊದಲ್ಲಿದ್ದ ಕ್ಯಾಮೆರಾಕ್ಕೆ ಒಂದೇ ಕಾರ್ಡ್. ತೆಗೆದ ಫೋಟೊಗಳೆಲ್ಲ ಅದರಲ್ಲೇ ಉಳಿಯಬೇಕು. ಈಚಿನ ಕ್ಯಾಮೆರಾಗಳಿಗೆ ಎರಡು ಕಾರ್ಡ್ ಹಾಕಬಹುದು; ಪ್ರತಿ ಫೋಟೊ ಎರಡರಲ್ಲೂ ದಾಖಲಾಗುತ್ತದೆ. ಅಂಥದೊಂದನ್ನು ಕೊಳ್ಳಬೇಕೋ ಬೇಡವೋ ಎಂದು ಎರಡು ವರ್ಷ ಯೋಚಿಸಿದ್ದೆ. ಹಳೆಯದು ಕೆಲಸ ಮಾಡುತ್ತಿತ್ತು. ಆಗಾಗ ಪರದೆಯ ಮೇಲೆ 'ಕಾರ್ಡ್ ಎರರ್' ಎಂದು ಬರುತ್ತಿತ್ತು. ಕಾರ್ಡನ್ನು ಹೊರತೆಗೆದು, ಶರ್ಟಿನ ಅಂಚಿಗೆ ಒರೆಸಿ ಮತ್ತೆ ಹಾಕುತ್ತಿದ್ದೆ. ಸರಿಹೋಗುತ್ತಿತ್ತು.

ಒಂದು ಬೆಳಿಗ್ಗೆ ಅರಕಲಗೂಡಿನ ಕಡೆಯ ಹಳ್ಳಿಯೊಂದರಿಂದ ಫೋನ್ ಬಂತು. ಆ ಮನೆಯ ಹಿರಿಯರು ತೀರಿಕೊಂಡಿದ್ದರು. ನಮ್ಮ ಕಡೆ ಹೆಣವನ್ನು ಮನೆ ಮುಂದೆ ಕುರ್ಚಿಯಲ್ಲಿ ಕೂರಿಸಿ, ಪೇಟ ಕಟ್ಟಿ, ಹಾರ ಹಾಕುತ್ತಾರೆ. ಎತ್ತುವ ಮೊದಲು ಮನೆಯವರು ಸುತ್ತ ನಿಂತು ಒಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಇಂಥವನ್ನು ನಾನು ಬೇಕಾದಷ್ಟು ತೆಗೆದಿದ್ದೆ.

ಚನ್ನರಾಯಪಟ್ಟಣದಿಂದ ಮಗಳು ಬರುವವರೆಗೆ ಕಾದೆವು. ಅತ್ತು ಮುಗಿದ ಮೇಲೆ ಆಕೆ ನನ್ನ ಹತ್ತಿರ ಬಂದರು.

"ಅಣ್ಣಾ, ನಮ್ಮಪ್ಪನ ಜೊತೆ ನಂದು ಒಂದೂ ಫೋಟೊ ಇಲ್ಲ. ನನ್ ಮದ್ವೆಗೂ ಬರ್ನಿಲ್ಲ ಅದು, ಕ್ವಾಪ ಮಾಡ್ಕಂಡು. ಒಸಿ ಚೆನ್ನಾಗಿ ತಗೀರಿ."

ಆಕೆ ಕುರ್ಚಿಯ ಹಿಂದೆ ನಿಂತು, ತಂದೆಯ ತಲೆ ವಾಲದಂತೆ ಗದ್ದದ ಕೆಳಗೆ ಎರಡೂ ಕೈ ಕೊಟ್ಟರು. ಬಲಕ್ಕೆ ತಮ್ಮ, ಎಡಕ್ಕೆ ತಮ್ಮನ ಹೆಂಡತಿ. ನೆಂಟರಲ್ಲಿ ನಾಲ್ಕೈದು ಜನ ಮೊಬೈಲ್ ಎತ್ತಿ ಹಿಡಿದಿದ್ದರು.

"ಮೊಬೈಲ್ ಇಳಿಸ್ರಪ್ಪ. ಮನೆಯೋರು ಒಬ್ಬೊಬ್ರು ಒಂದೊಂದ್ ಕಡೆ ನೋಡ್ತಾವ್ರೆ," ಎಂದೆ.

"ಇಳ್ಸ್ರಲಾ! ಫೋಟೊದೋರು ಏಳಿದ್ದು ಕೇಳಿಸ್ನಿಲ್ವಾ?" ಎಂದು ತಮ್ಮ ಗದರಿದ.

ಎಲ್ಲರೂ ಇಳಿಸಿದರು. ನಾನು ಐದು ಫೋಟೊ ತೆಗೆದೆ. ಐದೂ ಪರದೆಯ ಮೇಲೆ ಬಂದವು. ಅಷ್ಟನ್ನು ಖಚಿತವಾಗಿ ಹೇಳಬಲ್ಲೆ. ಆಮೇಲೆ ಎತ್ತಿದರು.

ಮಧ್ಯಾಹ್ನ ಸ್ಟುಡಿಯೊದಲ್ಲಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ತೆರೆಯಲಿಲ್ಲ. ಒರೆಸಿ ಹಾಕಿದೆ. ತೆರೆಯಲಿಲ್ಲ. ಮೂರನೆಯ ಸಲವೂ ತೆರೆಯಲಿಲ್ಲ. ಮದುವೆಯಾಗಿದ್ದರೆ ಗಂಡು ಹೆಣ್ಣನ್ನು ಇನ್ನೊಂದು ದಿನ ನಿಲ್ಲಿಸಿ ತೆಗೆಯಬಹುದಿತ್ತು. ಅಷ್ಟು ಹೊತ್ತಿಗೆ ಆ ಹಳ್ಳಿಯಲ್ಲಿ ಮಣ್ಣು ಮಾಡಿ ಮುಗಿದಿತ್ತು.

ಹಾಸನದಲ್ಲಿ ಕ್ಯಾಮೆರಾ ಮಾರುವ, ಕೆಟ್ಟ ಕಾರ್ಡುಗಳಿಂದ ಫೋಟೊಗಳನ್ನೂ ತೆಗೆದುಕೊಡುವ ಅಂಗಡಿಯೊಂದಿದೆ. ಅಂಗಡಿಯವನು ನನ್ನ ಕಾರ್ಡನ್ನು ತಿರುಗಿಸಿ ನೋಡಿ, "ಏನ್ ಸಾ, ಮ್ಯೂಸಿಯಮ್‌ಗೆ ಕೊಡೋದ್ನ ಇನ್ನೂ ಕೆಲ್ಸಕ್ಕೆ ಇಟ್ಕಂಡಿದ್ದೀರಾ?" ಎಂದ. ಅದರಲ್ಲಿ ಏನಿತ್ತು ಎಂದು ಹೇಳಿದೆ. ಅವನು ಮತ್ತೆ ತಮಾಷೆ ಮಾಡಲಿಲ್ಲ.

ಎರಡು ದಿನದ ಮೇಲೆ ಒಂದು ಫೋಟೊ ಸಿಕ್ಕಿತು, ಅದೂ ಮೇಲಿನ ಅರ್ಧ. ನಿಂತವರ ಮುಖಗಳು, ಹಿಂದಿನ ಗೋಡೆ, ಪೇಟದ ಮೇಲಂಚು ಬಂದಿದ್ದವು. ಅಲ್ಲಿಂದ ಕೆಳಕ್ಕೆ ಬರೀ ಬೂದು ಬಣ್ಣ.

"ಎರಡು ಕಾರ್ಡಿಂದು ಆಗಿದ್ರೆ ಇಂಗಾಯ್ತಿರ್ನಿಲ್ಲ ಸಾ," ಎಂದು ಅವನು ಹೊಸ ಕ್ಯಾಮೆರಾವೊಂದನ್ನು ಮೇಜಿನ ಮೇಲಿಟ್ಟ. ನಾನು ಮುಟ್ಟಲಿಲ್ಲ. ತಪ್ಪೆಲ್ಲ ಹಳೆಯ ಕ್ಯಾಮೆರಾದ್ದು ಎಂದುಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು. ಆದರೆ ಎರರ್ ಬಂದಾಗಲೆಲ್ಲ ಒರೆಸಿ ಹಾಕಿದವನು ನಾನು. ಮೊಬೈಲ್ ಇಳಿಸಿ ಎಂದವನೂ ನಾನೇ. ಆಕೆಗೆ ವಿಷಯ ಹೇಳುವ ಮೊದಲೇ ಹೊಸದನ್ನು ಹೆಗಲಿಗೆ ಹಾಕಿಕೊಂಡು ಹೋಗಲು ಮನಸ್ಸಾಗಲಿಲ್ಲ.

ಸಿಕ್ಕಿದ ಅರ್ಧವನ್ನು ಪ್ರಿಂಟ್ ಹಾಕಿಸಿಕೊಂಡು ಚನ್ನರಾಯಪಟ್ಟಣಕ್ಕೆ ಹೋದೆ. ಆಕೆ ಕೂರಿಸಿ ಕಾಫಿ ಕೊಟ್ಟರು. ಕಾಫಿ ಮುಟ್ಟದೆ ನಡೆದದ್ದನ್ನೆಲ್ಲ ಹೇಳಿದೆ, ಶರ್ಟಿಗೆ ಒರೆಸುತ್ತಿದ್ದುದನ್ನೂ, ಅಂಗಡಿಯವನು ತೋರಿಸಿದ ಎರಡು ಕಾರ್ಡಿನ ಕ್ಯಾಮೆರಾದ ವಿಷಯವನ್ನೂ ಬಿಡದೆ. ಆಕೆ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ನಾವೆಲ್ಲಾ ಇದ್ದೀವಿ. ನಮ್ಮಪ್ಪನೇ ಇಲ್ವಲ್ಲಣ್ಣ."

ಬೂದು ಭಾಗವನ್ನು ಕತ್ತರಿಸಿ ಕೊಡಲೇ ಎಂದು ಕೇಳಿದೆ.

"ಬ್ಯಾಡ ಬುಡಿ. ಅಲ್ಲೇ ಅಲ್ವಾ ನಮ್ಮಪ್ಪ ಕುಂತಿರಾದು."

ಆಮೇಲೆ ಕಣ್ಣೊರೆಸಿಕೊಂಡು ಆಕೆಯೇ ಕೇಳಿದರು, "ಎರಡು ಕಾರ್ಡಿಂದು ಅಂತೀರಲ್ಲ, ಅದ್ರಲ್ಲಿ ಇಂಗಾಗಕ್ಕಿಲ್ವಾ?"

"ಒಂದು ಹೋದರೆ ಇನ್ನೊಂದರಲ್ಲಿ ಇರ್ತದೆ ಕಣಮ್ಮ."

"ಅಂಗಾದ್ರೆ ಯಾಕ್ ಕಾಯ್ತಾ ಕುಂತಿದ್ದೀರಿ? ತಗಳಿ. ಇನ್ನೊಬ್ರ ಮನೆಗಾದ್ರೂ ಆಯ್ತದೆ."

ಆ ಮಾತಿನಲ್ಲಿ ಕೋಪವಿತ್ತು. ಇರಬೇಕಾದದ್ದೇ.

ಮರುದಿನ ಹಾಸನಕ್ಕೆ ಹೋಗಿ ಕ್ಯಾಮೆರಾ ತೆಗೆದುಕೊಂಡೆ. ಎರಡು ಹೊಸ ಕಾರ್ಡ್ ಹಾಕಿ, ಅಂಗಡಿಯವನನ್ನು ಗೋಡೆಗೆ ನಿಲ್ಲಿಸಿ ಒಂದು ಫೋಟೊ ತೆಗೆದೆ. ಕಾರ್ಡುಗಳನ್ನು ಒಂದೊಂದಾಗಿ ಅವನ ಕಂಪ್ಯೂಟರಿಗೆ ಹಾಕಿ ನೋಡಿದೆ. ಎರಡರಲ್ಲೂ ಅವನು ಕಾಲಿನವರೆಗೆ ಪೂರ್ತಿ ಇದ್ದ.