ಹಾಳೆಯ ಮೂಲೆಯ ನಂಬರು

ಬ್ರಶಿ ರನ್ ಎಂಬ ಊರಿನ ಶಾಲೆಯ ಅಡುಗೆಮನೆಯಲ್ಲಿ ಡ್ರೀಮಾ ಕೋಗರ್ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಆ ಕೆಲಸ ಒಂದು ಸುಳ್ಳಿನ ಮೇಲೆ ನಿಂತಿತ್ತು. ಅರ್ಜಿಯಲ್ಲಿ 'ಹೈಸ್ಕೂಲು ಮುಗಿಸಿದ್ದೀರಾ?' ಎಂದು ಕೇಳಿದ್ದಲ್ಲಿ ಅವಳು 'ಹೌದು' ಎಂದು ಬರೆದಿದ್ದಳು. ಮುಗಿಸಿರಲಿಲ್ಲ. ಸರ್ಟಿಫಿಕೇಟು ತೋರಿಸು ಎಂದು ಯಾರೂ ಕೇಳಿರಲಿಲ್ಲ. ಕೇಳಿದ ದಿನ ಕೆಲಸ ಬಿಟ್ಟು ಮನೆಗೆ ನಡೆಯಬೇಕಾಗುತ್ತದೆ ಎಂಬುದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾಗಿ ಕೈಯಲ್ಲಿ ಕಾಗದ ಹಿಡಿದು ಬಂದವರನ್ನು ಅವಳು ನಂಬುತ್ತಿರಲಿಲ್ಲ. ಹಿಂದಿನ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ಕರಪತ್ರ ಹಿಡಿದು ಬಂದು, ಕೂದಲು ಉದುರದಂತೆ ಅಡುಗೆಯವರು ಹಾಕುವ ಬಲೆಟೋಪಿ ತಲೆಗೆ ಹಾಕಿಕೊಂಡು, ಜೋಳದ ರೊಟ್ಟಿಯ ತಟ್ಟೆ ಹಿಡಿದು ಫೋಟೋ ತೆಗೆಸಿಕೊಂಡಿದ್ದ. ದುಡಿಯುವ ಹೆಂಗಸರೇ ಈ ಜಿಲ್ಲೆಯ ಶಕ್ತಿ ಎಂದಿದ್ದ. ಅಲ್ಲಿದ್ದ ಒಬ್ಬಳ ಹೆಸರನ್ನೂ ಕೇಳಿರಲಿಲ್ಲ.

ಅಕ್ಟೋಬರಿನ ಒಂದು ಮಂಗಳವಾರ, ಮಕ್ಕಳ ಊಟ ಮುಗಿದ ಮೇಲೆ, ಕೊರಿನ್ ಎಂಬ ಹುಡುಗಿ ಬಂದಳು. ಯಾವುದೋ ವಿಶ್ವವಿದ್ಯಾಲಯದಿಂದ ಬಂದಿದ್ದೇನೆ ಎಂದಳು. ಬಡವ-ಬಲ್ಲಿದರ ಅಂತರ, ಓದು, ಹೆಂಗಸರ ಹಕ್ಕು, ಇವುಗಳ ಬಗ್ಗೆ ಜನರ ಅಭಿಪ್ರಾಯ ಬೇಕಂತೆ. ಅಡುಗೆಯವರಿಗೆಲ್ಲ ಪ್ರಶ್ನೆಗಳಿದ್ದ ಒಂದೊಂದು ಹಾಳೆ ಕೊಟ್ಟಳು.

"ಯಾರಿಗೆ ಬೇಕು?" ಎಂದು ಡ್ರೀಮಾ ಕೇಳಿದಳು.

"ನಮ್ಮ ವಿಭಾಗಕ್ಕೆ ಮೇಡಂ. ಹೆಸರು ಬರೆಯೋ ಹಾಗಿಲ್ಲ."

"ಹೆಸರಿಲ್ಲದ ಮೇಲೆ ಮೂಲೇಲಿ ಈ ನಂಬರ್ ಯಾಕಮ್ಮಾ?"

"ಅದು ಹಾಳೆ ಲೆಕ್ಕಕ್ಕೆ ಅಷ್ಟೆ."

ಜೊತೆಯ ಅಡುಗೆಯವಳು ವಿಲ್ಡಾ ಆಗಲೇ ಪೆನ್ನು ಹಿಡಿದು ಕೂತಿದ್ದಳು. "ಬರಿಯೇ ಡ್ರೀಮಾ. ನಾನಂತೂ ಡಾಕ್ಟರ್ ಓದಿದೀನಿ ಅಂತ ಗುರುತು ಹಾಕ್ದೆ. ಯಾರು ಕೇಳ್ತಾರೆ?"

"ನಿನ್ನ ಕೈಲಿ ಇಂಜೆಕ್ಷನ್ ಹಾಕಿಸ್ಕೊಳ್ಳೋನನ್ನ ದೇವರೇ ಕಾಪಾಡಬೇಕು," ಎಂದು ಡ್ರೀಮಾ ಗೊಣಗಿ ಹಾಳೆ ಎಳೆದುಕೊಂಡಳು.

ಎಂಟನೆಯ ಪ್ರಶ್ನೆಯವರೆಗೆ ಎಲ್ಲಕ್ಕೂ 'ಗೊತ್ತಿಲ್ಲ' ಎಂದೇ ಗುರುತು ಹಾಕಿದಳು. ಒಂಬತ್ತನೆಯದು, 'ಓದಿನಲ್ಲಿ ಹುಡುಗ ಹುಡುಗಿಯರಿಗೆ ಒಂದೇ ಅವಕಾಶ ಸಿಗುತ್ತದೆಯೇ?' ಅವಳ ಕೈ ತಾನಾಗಿ ಬರೆಯತೊಡಗಿತು. 'ಹತ್ತನೇ ತರಗತಿಯಲ್ಲಿ ನನ್ನ ಹೊಟ್ಟೆ ಕಾಣತೊಡಗಿದಾಗ ಇನ್ನು ಶಾಲೆಗೆ ಬರಬೇಡ ಎಂದರು. ಅದಕ್ಕೆ ಕಾರಣನಾದವನು ಅದೇ ವಾರ ಫುಟ್‌ಬಾಲ್ ಆಡಿದ. ಪೂರ್ತಿ ಓದಿ ಪಾಸೂ ಆದ. ಒಂದೇ ಅವಕಾಶ ಎಂದು ಹೇಗೆ ಹೇಳಲಿ?'

ಕೊನೆಯ ಪ್ರಶ್ನೆ ನೀವು ಎಲ್ಲಿಯವರೆಗೆ ಓದಿದ್ದೀರಿ ಎಂದು. ಮೇಲೆ ಅಷ್ಟು ಬರೆದು ಇಲ್ಲಿ ಸುಳ್ಳು ಹೇಳುವುದು ಹೇಗೆ? 'ಹೈಸ್ಕೂಲು ಮುಗಿಸಿಲ್ಲ' ಎಂಬುದಕ್ಕೆ ಗುರುತು ಹಾಕಿದಳು. ಈ ನಂಬರು ಹಿಡಿದು ಯಾರಾದರೂ ತನ್ನನ್ನು ಹುಡುಕಿದರೆ? ನಂಬರಿದ್ದ ಮೂಲೆಯನ್ನು ಹರಿದು ಏಪ್ರನ್ನಿನ ಜೇಬಿಗೆ ಹಾಕಿ, ಉಳಿದದ್ದನ್ನು ಕೊಟ್ಟಳು.

ಕೊರಿನ್ ಮುಖ ಸಣ್ಣದಾಯಿತು. "ನಂಬರ್ ಇಲ್ದಿದ್ರೆ ಇದನ್ನ ಎಣಿಸೋಕೆ ಬರಲ್ಲ ಮೇಡಂ."

"ಎಣಿಸ್ಬೇಡ ಬಿಡು."

ಹುಡುಗಿ ಹೊರಟಳು. ಡ್ರೀಮಾ ದೊಡ್ಡ ಪಾತ್ರೆ ಉಜ್ಜತೊಡಗಿದಳು. ಪಕ್ಕದಲ್ಲಿ ವಿಲ್ಡಾ, "ಅಂತೂ ಡಾಕ್ಟರ್ ವಿಲ್ಡಾ ಲೆಕ್ಕಕ್ಕೆ ಬಂದ್ಲು ನೋಡು," ಎಂದು ನಕ್ಕಳು.

ಡ್ರೀಮಾಳ ಕೈ ನಿಂತಿತು. ಸುಳ್ಳು ಬರೆದವಳು ಲೆಕ್ಕಕ್ಕೆ ಬಂದಳು. ತನ್ನ ನಿಜ ಮಾತ್ರ ಮತ್ತೆ ಬಾಗಿಲ ಹೊರಗೆ ನಿಂತಿತು. ಅಂದು ಶಾಲೆಗೆ ಬರಬೇಡ ಅಂದವರು ಬೇರೆ ಯಾರೋ. ಇವತ್ತು ಹಾಗೆ ಅಂದವಳು ಸ್ವತಃ ತಾನೇ.

ಒದ್ದೆ ಕೈಯಲ್ಲೇ ಅವಳು ಹೊರಗೆ ಓಡಿ, ಹೊರಡಲಿದ್ದ ಕೊರಿನ್‌ಳ ಕಾರಿನ ಕಿಟಕಿ ಬಡಿದು, ಹರಿದ ಮೂಲೆಯನ್ನು ಚಾಚಿದಳು. ಕೊರಿನ್ ಅದನ್ನು ಟೇಪು ಹಾಕಿ ಅಂಟಿಸುವವರೆಗೂ ಕದಲದೆ ನೋಡಿದಳು.

"ಇದು ಶಾಲಾ ಮಂಡಳಿಯವರ ಕೈಗೆ ಸಿಕ್ಕಿದ್ರೆ ನನ್ನ ಕೆಲಸ ಹೋಗತ್ತೆ, ಮಗಳೇ."

"ಖಂಡಿತ ಸಿಗಲ್ಲ ಮೇಡಂ. ನಂಬಿ."

"ನಂಬೋದಿಲ್ಲ. ಆದ್ರೂ ತಗೊಂಡ್ಹೋಗು. ನಿನ್ನ ಪೆನ್ ಕೊಡಿಲ್ಲಿ."

ಪೆನ್ನು ಇಸಿದುಕೊಂಡು, ಅಂಗೈ ಒರೆಸಿ, ಕಾರಿನ ಹಿಂದೆ ಬಾಗಿ ಅದರ ನಂಬರನ್ನು ಒಂದೊಂದೇ ಅಕ್ಷರ ನೋಡಿ ಅಂಗೈ ಮೇಲೆ ಬರೆದುಕೊಂಡಳು.

"ಈಗ ಹೊರಡು," ಎಂದಳು. "ನನ್ನ ನಂಬರ್ ನಿನ್ನ ಹತ್ರ ಇದೆ, ನಿಂದು ನನ್ನ ಹತ್ರ."