ಎರಡು ಮಡಿಗಳ ನಡುವೆ

ನನ್ನ ಹೊಟ್ಟೆ ಈಗಿನ ಗಾತ್ರಕ್ಕೆ ಬಂದದ್ದರಲ್ಲಿ ನನ್ನ ತಪ್ಪೇನೂ ಇಲ್ಲ, ನೀವಾದರೂ ನಂಬಬೇಕು. ಕಾರಣ ನಮ್ಮ ಅವ್ವ ಮತ್ತು ಎದುರು ಮನೆಯ ರಿವ್ಕಾ. ಇಬ್ಬರಿಗೂ ಬಂದವರಿಗೆಲ್ಲ ಉಣಬಡಿಸುವ ಹುಚ್ಚು. ಇಬ್ಬರೂ ಬೇರೆಯವರ ಮನೆಯಲ್ಲಿ ಉಣ್ಣುವವರಲ್ಲ.

ನಾವಿದ್ದ ಮಾದಾಪುರದಲ್ಲಿ ಬಂಡೆ ಒಡೆದು ಗಾಜಿನ ಆಫೀಸು ಎಬ್ಬಿಸುತ್ತಿದ್ದ ಕಾಲ ಅದು. ಯೋನಾ, ರಿವ್ಕಾ ಎಂಬ ಯಹೂದಿ ದಂಪತಿ ನಮ್ಮೆದುರಿನ ಫ್ಲ್ಯಾಟಿಗೆ ಬಂದರು. ಹೊರದೇಶದಿಂದ ಇಲ್ಲಿನ ಕಾಲೇಜುಗಳಿಗೆ ಓದಲು ಬಂದ ತಮ್ಮ ಮತದ ಹುಡುಗ ಹುಡುಗಿಯರಿಗೆ ಮನೆಯೂಟ ಹಾಕುವುದೇ ಅವರ ಕಾಯಕ. ಶುಕ್ರವಾರ ಸಂಜೆ ಅವರ ವಾರದ ಹಬ್ಬ ಶುರುವಾದರೆ ಮೆಟ್ಟಿಲ ತುಂಬ ಚಪ್ಪಲಿ. ಹಾಸ್ಟೆಲಿನ ಸಾರು ಉಂಡು ಮುಖ ಬಾಡಿಸಿಕೊಂಡು ಬಂದ ಮಕ್ಕಳು ಹೋಗುವಾಗ ಹಾಡು ಗುನುಗುತ್ತ ಇಳಿಯುತ್ತಿದ್ದರು.

ಅವರ ಅಡುಗೆಮನೆಯಲ್ಲಿ ಹಾಲಿಗೇ ಬೇರೆ ಪಾತ್ರೆ, ಮಾಂಸಕ್ಕೇ ಬೇರೆ. ಹೊರಗಿನವರ ಒಲೆಯಲ್ಲಿ ಬೆಂದದ್ದು ಅವರಿಗೆ ನಡೆಯದು. ಇದನ್ನು ನಾನು ದೊಡ್ಡ ಸಂಶೋಧನೆ ಮಾಡಿದವನಂತೆ ಅವ್ವನಿಗೆ ವಿವರಿಸಿದೆ. ಮಡಿಸೀರೆ ಒಣಹಾಕುತ್ತಿದ್ದ ಅವಳು ತಿರುಗಿಯೂ ನೋಡದೆ, “ಮಡಿ ಅನ್ನು. ಅಷ್ಟಕ್ಕ ಇಷ್ಟು ಭಾಷಣ ಯಾಕ?” ಎಂದಳು.

ಆದರೂ ಕೈ ಕೇಳಬೇಕಲ್ಲ! ಹಬ್ಬಕ್ಕೆ ಅವ್ವ ಡಬ್ಬಿ ತುಂಬ ಹೋಳಿಗೆ ಕಳಿಸಿದಳು. ರಿವ್ಕಾ ಕಣ್ಣರಳಿಸಿ ತೆಗೆದುಕೊಂಡು, ತಾನು ಬಾಯಿಗಿಡದೆ, ಬೇಕಾದವರು ತಿನ್ನಲೆಂದು ವಿದ್ಯಾರ್ಥಿಗಳ ಮುಂದಿಟ್ಟಳು. ಅವರೋ ಮೊದಲು ತಾವು ತಿನ್ನಬಹುದೇ ಎಂದು ಚರ್ಚಿಸಿ, ಅರ್ಧದಷ್ಟು ಮಂದಿ ಹಿಂದೆ ಸರಿದರು. ಅವರ ಪಾಲೂ ನನಗೇ ಬಂತು. ಅತ್ತಕಡೆಯಿಂದ ಜಡೆಯಂತೆ ಹೆಣೆದ ಬ್ರೆಡ್ಡು ಬಂದರೆ ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಡುತ್ತಿದ್ದಳು. ಹೀಗೆ ಎರಡೂ ಮತಗಳ ಶಾಸ್ತ್ರ ನನ್ನೊಬ್ಬನ ಹೊಟ್ಟೆಯಲ್ಲಿ ಸಂಗಮವಾಗುತ್ತಿತ್ತು.

ಇದೆಲ್ಲ ನಗೆಯ ಮಾತಾಗಿದ್ದದ್ದು ರಿವ್ಕಾ ಬಸುರಿ ಎಂದು ತಿಳಿಯುವ ತನಕ.

“ತಾಯಿ ಸಮುದ್ರದಾಚಿ ಅದಾಳ. ಊರಿನ ಮಕ್ಕಳಿಗೆಲ್ಲ ಈಕಿ ಉಣಸ್ತಾಳ, ಈಕಿಗೆ ಯಾರು ಉಣಸ್ತಾರ?” ಎಂದು ಅವ್ವ ಕೂತಲ್ಲಿ ನಿಂತಲ್ಲಿ ಚಡಪಡಿಸಿದಳು. ನಮ್ಮ ಕಡೆ ಬಸುರಿಗೆ ಹಸಿರು ಕುಬಸ, ಅಂದರೆ ರವಿಕೆ ಕಣ, ಕೊಟ್ಟು, ಬಯಸಿದ್ದನ್ನು ಬಾಯಿಗಿಡದಿದ್ದರೆ ಮನೆಯ ಹಿರಿಯಳಿಗೆ ನಿದ್ದೆ ಹತ್ತುವುದಿಲ್ಲ. ಕುಬಸ ತಂದಾಯಿತು. ಉಣಿಸುವುದೇನನ್ನು? ನಾನು ಮತ್ತೆ ಶಾಸ್ತ್ರ ಹೇಳಹೊರಟೆ. ಅವ್ವ ನಡುವೆಯೇ ತಡೆದಳು.

“ನಾ ರೈಲಿನ್ಯಾಗ ಹೋಗುವಾಗ ಏನ್ ತಿಂತೀನಿ?”

“ಬಾಳೆಹಣ್ಣು. ನೀನೇ ಸುಲಿದುಕೊಂಡು.”

“ಮತ್ತ?”

ಹಣ್ಣಿಗೆ ಯಾರ ಒಲೆಯ ಮೈಲಿಗೆಯೂ ಇಲ್ಲ ಎಂಬುದು ಇಷ್ಟೆಲ್ಲ ಓದಿದ ನನ್ನ ತಲೆಗೆ ಆಗ ಹೊಳೆಯಿತು. ಉತ್ಸಾಹದಿಂದ ಪಪ್ಪಾಯಿ ತಂದೆ. “ಬಸುರಿಗೆ ಪಪ್ಪಾಯಿ ಕೊಡ್ತಾರೇನೋ, ಹುಚ್ಚಪ್ಪಾ!” ಎಂದು ಬೈಸಿಕೊಂಡು ಮತ್ತೆ ಬೀದಿಗಿಳಿದೆ. ಸೀತಾಫಲದ ಕಾಲ. ಬುಟ್ಟಿಯವಳ ಹತ್ತಿರ ಬಾಯಿ ಬಿಡಲು ಸಿದ್ಧವಾದ, ಆದರೆ ಇನ್ನೂ ಬಿಡದ ಹಣ್ಣುಗಳನ್ನು ಆರಿಸಿ ತಂದೆ.

ಅವ್ವ ಎದುರು ಮನೆಗೆ ಹೊರಟಳು. ಹಿಂದೆ ಬುಟ್ಟಿ ಹೊತ್ತ ನಾನು. ಅವರ ದೇವರು ಬೇರೆ ಎಂದು ಕುಂಕುಮದ ಗೊಡವೆಗೆ ಹೋಗದೆ, ಕುಬಸ ಕೊಟ್ಟು, ಒಂದು ಇಡೀ ಹಣ್ಣನ್ನು ರಿವ್ಕಾಳ ಅಂಗೈಯಲ್ಲಿಟ್ಟು, ತನಗೆ ಬರುವ ಹರಕು ಹಿಂದಿಯಲ್ಲಿ “ಖಾವೋ ಬೇಟಿ” ಎಂದಳು. ರಿವ್ಕಾ ಹಣ್ಣನ್ನು ತಿರುಗಿಸಿ ನೋಡಿದಳು, ಗಂಡನ ಕಡೆ ನೋಡಿದಳು. ಯೋನಾ ನಕ್ಕು ತಲೆಯಾಡಿಸಿದ. ಅವಳು ಕಣ್ಮುಚ್ಚಿ ಅವರ ಭಾಷೆಯಲ್ಲಿ ಏನೋ ಮಣಮಣಿಸಿ, ಹಣ್ಣು ಬಿಡಿಸಿ ತಿಂದಳು. ತಿನ್ನುತ್ತಲೇ ಅವಳಿಗೆ ಅಳು ಬಂತು. ಆ ಮನೆಯಲ್ಲಿ ಅವಳನ್ನು ಕೂರಿಸಿ, ತಿನ್ನು ಎಂದವರು ಅದುವರೆಗೆ ಯಾರೂ ಇರಲಿಲ್ಲ.

ಆಮೇಲೆ ಬುಟ್ಟಿಯಿಂದ ಇನ್ನೊಂದು ಇಡೀ ಹಣ್ಣು ಎತ್ತಿ ಅವ್ವನ ಕೈಯಲ್ಲಿಟ್ಟಳು. “ಆಪ್ ಭೀ, ಅಮ್ಮಾ.” ನನ್ನ ತಿಳಿವಳಿಕೆಯಲ್ಲಿ ಪರರ ಮನೆಯಲ್ಲಿ ಹಲ್ಲಿಗೆ ಕೆಲಸ ಕೊಡದ ಅವ್ವ “ಕೃಷ್ಣಾರ್ಪಣ” ಎಂದು ಮಣಮಣಿಸಿ ತಾನೂ ಹಣ್ಣು ಬಿಡಿಸಿದಳು. ಇಬ್ಬರೂ ಎದುರುಬದುರು ಕೂತು, ಬೆರಳಿಗೆಲ್ಲ ತಿರುಳು ಮೆತ್ತಿಕೊಂಡು ತಿಂದರು. ಬುಟ್ಟಿ ಬರಿದಾಗುವವರೆಗೂ ತಿಂದರು.

ಎರಡು ಮನೆಗಳ ನಡುವೆ ಓಡಾಡಿ ಕೊಬ್ಬಿದ ನನಗೆ ಅಂದು ಉಳಿದದ್ದು ಬೀಜ, ಸಿಪ್ಪೆ. ಅವನ್ನು ಬಳಿದು ಬುಟ್ಟಿಗೆ ಹಾಕಿಕೊಂಡು ಬಂದೆ. ಅಷ್ಟು ಸಂತೋಷದಿಂದ ನಾನು ಎಂದೂ ಬರಿಹೊಟ್ಟೆಯಲ್ಲಿ ಮನೆಗೆ ಬಂದದ್ದಿಲ್ಲ.