ಜವರಪ್ಪ ಮೇಷ್ಟ್ರ ಕಿಸಕ್ಕು
ಕ್ಯಾತನಹಳ್ಳಿಯ ಇಂಗ್ಲಿಷ್ ಮೇಷ್ಟ್ರು ಜವರಪ್ಪನವರಿಗೆ ‘ಸ್ನಿಗ್ಗರ್’ ಎಂಬ ಪದದ ಅರ್ಥವನ್ನು ಬರೀ ಬಾಯಲ್ಲಿ ಹೇಳಿದರೆ ಸಮಾಧಾನವೇ ಇಲ್ಲ, ನಕ್ಕೇ ತೋರಿಸಬೇಕು. ಕರ್ಚೀಫಿನಿಂದ ಬಾಯಿ ಮುಚ್ಚಿ, ಕಬ್ಬಿನ ಟ್ರಾಕ್ಟರು ದಿಬ್ಬ ಹತ್ತುವಂತೆ ಭುಜ ಕುಲುಕಿಸುತ್ತಾ ಮೂಗಿನಲ್ಲೇ ಕಿಸಕ್ಕೆನ್ನುತ್ತಾರೆ. “ಇದು ಬರೀ ನಗು ಅಲ್ಲ ಕಣ್ರಪ್ಪಾ, ಇನ್ನೊಬ್ರನ್ನ ಆಡ್ಕಂಡು ನಗಾದು! ಎಲ್ಲಿ, ನನ್ನ ನೋಡಿ ನಗ್ರಿ!” ಎಂದು ಬೋಳುತಲೆಯ ಮೇಲೆ ಡಸ್ಟರ್ ಇಟ್ಟುಕೊಂಡು ನವಿಲಿನಂತೆ ನಡೆಯುತ್ತಾರೆ. ಗದ್ದಲಕ್ಕೆ ಗದರಿಸಲು ಬಂದ ಲೆಕ್ಕದ ಪ್ರಮೀಳಾ ಮೇಡಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರೆ, “ನೋಡ್ರಪ್ಪಾ, ಸ್ನಿಗ್ಗರ್ ಅಂದ್ರೆ ಅದೇಯಾ!” ಎಂದು ಕುಣಿದಾಡುತ್ತಾರೆ. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ಸುಸ್ತಾಗಿ ಬಿದ್ದ ಮೇಲೆಯೇ ಅವರು ಮೆಲ್ಲಗೆ, “ಏಳವ್ವಾ ಶಬ್ರೀನ್, ಈಗ ಪಾಠ ಓದು” ಎನ್ನುವುದು. ಉಗ್ಗುವ ಶಬ್ರೀನ್ ಒಂದೊಂದೇ ಪದ ಹೆಕ್ಕಿ ಓದಿ ಮುಗಿಸುವಷ್ಟು ಹೊತ್ತೂ, ನಗೋಣವೆಂದರೆ ಯಾರಲ್ಲೂ ನಗು ಉಳಿದಿರುವುದಿಲ್ಲ.